ಮ್ಯಾಚಿಂಗ್ ಬಿಡಿ, ಹೊಂದಿಸಿ ನೋಡಿ

ಎರಡು ಮೂರು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಹೊರಟ ಹೆಂಗಸಿಗೆ ಊರವರೆಲ್ಲ ಕೇಳೋ ಪ್ರಶ್ನೆಗಳು ನಮಗೆ ಗೊತ್ತೇ ಇವೆ. ಮಗೂನ ಯಾರು ನೋಡ್ಕೋತಾರೆ? ಆಫೀಸು ಎಷ್ಟು ದೂರ? ಸಂಬಳ ಮೊದಲಿನಷ್ಟೇ ಕೊಡ್ತಾರಂತಾ? ಇವಕ್ಕೆಲ್ಲ ಅವಳ ಹತ್ತಿರ ಏನೋ ಒಂದು ಉತ್ತರ ಇರತ್ತೆ. ಆದ್ರೆ ಯಾರೂ ಕೇಳದ, ಅವಳೂ ಬಾಯಿಬಿಟ್ಟು ಹೇಳದ ಪ್ರಶ್ನೆ ಇನ್ನೊಂದಿದೆ. ಸೋಮವಾರ ಏನು ಹಾಕ್ಕೊಂಡು ಹೋಗೋದು?

ಇದೂ ಒಂದು ಸಮಸ್ಯೆನಾ ಅಂತ ನಗಬೇಡಿ. ಮನೆಯಲ್ಲಿದ್ದ ಕಾಲದಲ್ಲಿ ಮೈ ಬದಲಾಗಿರತ್ತೆ. ಹಳೇ ಟಾಪಿನ ತೋಳು ಬಿಗಿ, ಹಳೇ ಪ್ಯಾಂಟಿನ ಬಟನ್ನು ಹಾಕಕ್ಕಾಗಲ್ಲ, ಹಳೇ ಬ್ಲೌಸಿನ ಹುಕ್ಕು ಎರಡಿಂಚು ದೂರದಲ್ಲಿ ನಿಂತು ಅಣಕಿಸತ್ತೆ. ಹೊಸದು ತಗೊಳ್ಳೋಣ ಅಂದ್ರೆ ಮೊದಲ ಸಂಬಳ ಬರೋದಕ್ಕೆ ಇನ್ನೂ ಒಂದು ತಿಂಗಳಿದೆ. ಗಂಡನ್ನ ಕೇಳಬೇಕು. ಕೇಳಿದ್ರೆ ಕೊಡ್ತಾರೆ, ಇಲ್ಲ ಅಂತಲ್ಲ. ಆದ್ರೆ ಜೊತೆಗೆ "ಬೀರು ತುಂಬ ಬಟ್ಟೆ ಇದ್ಯಲ್ಲೇ" ಅನ್ನೋ ಒಂದು ಮಾತೂ ಬರತ್ತೆ. ಆ ಮಾತು ಸುಳ್ಳೂ ಅಲ್ಲ. ಬೀರು ತುಂಬಿದೆ, ಹಾಕ್ಕೊಳ್ಳೋಕೆ ಏನೂ ಇಲ್ಲ. ಈ ಎರಡೂ ಒಟ್ಟಿಗೇ ನಿಜ ಆಗೋದು ಹೇಗೆ?

ನನ್ನ ಗೆಳತಿಯೊಬ್ಬಳು ಒಂದು ವರ್ಷ ಪೂರ್ತಿ ಒಂದೇ ಮಾತು ಹೇಳ್ತಿದ್ಲು. "ಇನ್ನೊಂದೈದು ಕೇಜಿ ಇಳಿಸ್ಕೊಂಡ್ಬಿಡ್ತೀನಿ ಕಣೇ, ಆಮೇಲೆ ಅಪ್ಲೈ ಮಾಡ್ತೀನಿ." ಅಕೌಂಟ್ಸ್ ಕೆಲಸದಲ್ಲಿ ಪಳಗಿದವಳು. ಲೆಕ್ಕ ಮರೆತಿರಲಿಲ್ಲ, ಇಂಟರ್ವ್ಯೂ ಅಂದ್ರೆ ಭಯಾನೂ ಇರಲಿಲ್ಲ. ಅವಳನ್ನ ತಡೀತಿದ್ದದ್ದು ಬೀರು. ಐದು ಕೇಜಿ ಅನ್ನೋದು ಬೀರಿನೊಳಗಿದ್ದ ಬಟ್ಟೆಗಳಿಗೆ ಅವಳು ಕಟ್ಟುತ್ತಿದ್ದ ಕಂದಾಯ. ಒಂದು ವರ್ಷದ ಸಂಬಳಕ್ಕೆ ಹೋಲಿಸಿದ್ರೆ ಆರು ಟಾಪಿನ ಬೆಲೆ ಏನು ಮಹಾ ಹೇಳಿ? ಆದ್ರೆ ಆ ಹೋಲಿಕೆ ಆ ಹೊತ್ತಿನಲ್ಲಿ ಯಾರ ತಲೆಗೂ ಬರಲ್ಲ.

ನನ್ನ ಪ್ರಕಾರ ತಪ್ಪು ನಮ್ಮ ಮೈಯದ್ದಲ್ಲ, ದುಡ್ಡಿನದ್ದೂ ಅಷ್ಟಾಗಿ ಅಲ್ಲ. ತಪ್ಪು 'ಸೆಟ್'ನದ್ದು.

ನಾವು ಹೆಂಗಸರು ಬಟ್ಟೆ ಕೊಳ್ಳೋದು ಬಿಡಿಬಿಡಿಯಾಗಲ್ಲ, ಸೆಟ್ ಸೆಟ್ಟಾಗಿ. ಟಾಪು, ಅದರದ್ದೇ ಪ್ಯಾಂಟು, ಅದರದ್ದೇ ವೇಲು. ಸೀರೆ, ಅದರದ್ದೇ ಬ್ಲೌಸು, ಅದೇ ಬಣ್ಣದ ಲಂಗ. ಸೆಟ್ಟಿನಲ್ಲಿ ಒಂದು ಕೆಟ್ಟರೆ ಮೂರೂ ಕೆಟ್ಟ ಹಾಗೆ. ಟಾಪಿನ ತೋಳು ಬಿಗಿಯಾಗಿ ಅದು ಮೂಲೆ ಸೇರಿದಾಗ ಚೆನ್ನಾಗೇ ಇದ್ದ ಪ್ಯಾಂಟೂ ವೇಲೂ ಅದರ ಜೊತೆ ಸಹಗಮನ ಮಾಡ್ತಾವೆ. ಇಪ್ಪತ್ತು ಸೆಟ್ಟಿನ ಬೀರು ಹೀಗೇ ಸದ್ದಿಲ್ಲದೆ ಖಾಲಿಯಾಗತ್ತೆ. ನೋಡೋಕೆ ಮಾತ್ರ ತುಂಬಿದ ಹಾಗೇ ಇರತ್ತೆ.

ಅದೇ ಗಂಡಸರ ಬೀರು ನೋಡಿ. ನಾಲ್ಕು ಪ್ಯಾಂಟು, ಏಳೆಂಟು ಶರ್ಟು. ಎಲ್ಲ ಶರ್ಟಿಗೂ ಹೆಚ್ಚು ಕಮ್ಮಿ ಎಲ್ಲ ಪ್ಯಾಂಟೂ ಆಗತ್ತೆ. ಬೆಳಗ್ಗೆ ಕೈಗೆ ಸಿಕ್ಕಿದ್ದು ಹಾಕ್ಕೊಂಡು ಹೊರಡ್ತಾರೆ. ಅದಕ್ಕೆ ಯಾರೂ ಹೆಸರಿಟ್ಟಿಲ್ಲ. ಹೆಂಗಸರು ಅದನ್ನೇ ಮಾಡಿದ್ರೆ 'ಕ್ಯಾಪ್ಸೂಲ್ ವಾರ್ಡ್‌ರೋಬ್' ಅಂತ ದೊಡ್ಡ ಹೆಸರು! 1985ರಲ್ಲಿ ನ್ಯೂಯಾರ್ಕಿನ ಡಿಸೈನರ್ ಡೋನಾ ಕ್ಯಾರನ್, ಕೆಲಸಕ್ಕೆ ಹೋಗೋ ಹೆಂಗಸಿಗೆ ಒಂದಕ್ಕೊಂದು ಹೊಂದೋ ಏಳು ಉಡುಪು ಸಾಕು ಅಂತ 'ಸೆವೆನ್ ಈಸಿ ಪೀಸಸ್' ಹೆಸರಲ್ಲಿ ತಂದಾಗ ಅದು ಫ್ಯಾಷನ್ ಲೋಕದಲ್ಲಿ ದೊಡ್ಡ ಸುದ್ದಿಯಾಯ್ತು. ಗಂಡಸರು ಮೊದಲಿಂದ ಮಾಡ್ತಾ ಬಂದಿದ್ದು ಹೆಂಗಸರ ವಿಷಯಕ್ಕೆ ಬಂದಾಗ ಸುದ್ದಿಯಾಗ್ಬೇಕಾಯ್ತು ನೋಡಿ. ಆಕೆಯ ಯೋಚನೆ ಒಳ್ಳೇದು, ಪಟ್ಟಿ ಮಾತ್ರ ನಮಗೆ ಉಪಯೋಗಕ್ಕೆ ಬರಲ್ಲ. ಅದು ಶುರುವಾಗೋದೇ ಬಾಡಿಸೂಟಿನಿಂದ. ಏಪ್ರಿಲ್ ಬಿಸಿಲಲ್ಲಿ ಮೆಜೆಸ್ಟಿಕ್ಕಿನಿಂದ ಬಿಎಂಟಿಸಿ ಬಸ್ಸಿನಲ್ಲಿ ಅದನ್ನ ಹಾಕ್ಕೊಂಡು ನಿಂತು ಹೋಗೋದನ್ನ ಒಮ್ಮೆ ಕಲ್ಪಿಸಿಕೊಳ್ಳಿ :-)

ಹಾಗಂತ ಹೊಂದಿಸಿ ಉಡೋದು ನಮಗೆ ಹೊಸದಾ? ಅಲ್ಲವೇ ಅಲ್ಲ. ಉತ್ತರ ಕರ್ನಾಟಕದ ಹಳೇ ತಲೆಮಾರಿನ ಹೆಂಗಸರನ್ನ ನೆನಪು ಮಾಡ್ಕೊಳ್ಳಿ. ಕೆಳಗೆ ಇಳಕಲ್ ಸೀರೆ, ಮೇಲೆ ಗುಳೇದಗುಡ್ಡದ ಖಣದ ಕುಬಸ. ಸೀರೆಯ ಬಣ್ಣ ಒಂದು, ಕುಬಸದ ಬಣ್ಣ ಇನ್ನೊಂದು. ನಾಲ್ಕು ಕುಬಸ ಇದ್ರೆ ಇರೋ ಸೀರೆಗಳಿಗೆಲ್ಲ ಅವೇ ನಾಲ್ಕು. ನಮ್ಮ ಕಡೆಯ ಅಜ್ಜಿಯರದ್ದೂ ಅದೇ ಕಥೆ. ಒಂದು ಬಿಳಿ ರವಿಕೆ, ಒಂದು ಕಪ್ಪು, ಒಂದು ಕೆಂಪು. ಅವರ್ಯಾರೂ ಹೊಂದಿಕೆಯಿಲ್ಲದೆ ಉಟ್ಟವರ ಹಾಗೆ ಕಾಣ್ತಿರಲಿಲ್ಲ. ಸೀರೆಗೆ ಅಂಟಿಕೊಂಡೇ ಬ್ಲೌಸ್ ಪೀಸು ಬರೋದು, ಅದನ್ನ ಬಿಟ್ಟು ಬೇರೆ ಹಾಕಿದ್ರೆ ಏನೋ ಕೊರತೆ ಅನ್ನಿಸೋದು, ಇದೆಲ್ಲ ಆಮೇಲಿನ ಕಥೆ.

ಆಮೇಲೆ ಬಂತು ಮ್ಯಾಚಿಂಗ್ ಸೆಂಟರ್. ಗಾಂಧಿಬಜಾರಿಗೆ ಹೋಗಿ, ಇಲ್ಲ ಯಾವ ತಾಲ್ಲೂಕಿನ ಪೇಟೆ ಬೀದಿಗಾದ್ರೂ ಹೋಗಿ, ಒಂದು ಮ್ಯಾಚಿಂಗ್ ಸೆಂಟರ್ ಇರಲೇಬೇಕು. ಗೋಡೆ ತುಂಬ ಬಣ್ಣದ ಥಾನುಗಳು. ಗಿಳಿಹಸಿರಲ್ಲೇ ಹತ್ತು ತರ. ಅಂಗಡಿಯವರು ಸೀರೆ ಸೆರಗನ್ನೂ ಬಟ್ಟೆಯನ್ನೂ ಹಿಡ್ಕೊಂಡು ಬಾಗಿಲ ಹತ್ತಿರ ಬಂದು ಬಿಸಿಲಲ್ಲಿ ತೋರಿಸ್ತಾರೆ, "ನೋಡಿ ಮೇಡಂ, ಪರ್ಫೆಕ್ಟ್ ಮ್ಯಾಚ್." ನನಗೆ ಆ ಅಂಗಡಿಗಳ ಮೇಲೆ ಏನೂ ಕೋಪ ಇಲ್ಲ, ಅಲ್ಲಿ ನಿಂತು ಬಣ್ಣ ನೋಡೋದೇ ಒಂದು ಸುಖ. ನನ್ನ ತಕರಾರು ಇಷ್ಟೇ. ಮ್ಯಾಚ್ ಆದದ್ದು ಒಂದಕ್ಕೆ ಮಾತ್ರ ಆಗತ್ತೆ. ಹೊಂದಿದ್ದು ಹತ್ತಕ್ಕೆ ಆಗತ್ತೆ. ಮದುವೆಮನೆಗೆ ಮ್ಯಾಚಿಂಗ್ ಇರಲಿ. ವಾರಕ್ಕೆ ಐದು ದಿನ, ಬೆಳಗ್ಗೆ ಎಂಟಕ್ಕೆ ಮನೆ ಬಿಡಬೇಕಾದವಳಿಗೆ ಬೇಕಿರೋದು ಹೊಂದಿಕೆ.

ಸರಿ, ಹೊಂದಿಸೋದು ಹೇಗೆ? ಇಂಗ್ಲಿಷಿನ ಫ್ಯಾಷನ್ ಪುಸ್ತಕಗಳು ಬಣ್ಣದ ಚಕ್ರ ತೋರಿಸಿ, ಕಪ್ಪು, ಬೂದು, ಬೀಜ್ ತಗೊಳ್ಳಿ ಅಂತಾವೆ. ನಮ್ಮ ಮೈಬಣ್ಣಕ್ಕೆ, ನಮ್ಮ ಬಿಸಿಲಿಗೆ ಬರೀ ಬೂದು ಹಾಕ್ಕೊಂಡ್ರೆ ಯಾರೋ ಜ್ವರದಿಂದ ಎದ್ದು ಬಂದ ಹಾಗಿರತ್ತೆ. ನನ್ನ ಹತ್ತಿರ ಅದಕ್ಕಿಂತ ಸುಲಭದ ದಾರಿ ಇದೆ. ನಿಮಗೆ ತುಂಬ ಒಪ್ಪತ್ತೆ ಅಂತ ನಾಲ್ಕು ಜನ ಹೇಳಿರೋ ಒಂದು ಸೀರೆ ತೆಗೀರಿ. ಅಮ್ಮನದ್ದಾದ್ರೂ ಸರಿ. ಅದರಲ್ಲಿ ಮೂರು ಭಾಗ ನೋಡಿ: ಒಡಲು, ಅಂಚು, ಸೆರಗು. ಈ ಮೂರು ಒಟ್ಟಿಗೆ ಚೆನ್ನಾಗಿ ಕಾಣತ್ವೆ ಅಂತ ಯಾವನೋ ನೇಕಾರ ಆಗಲೇ ಪರೀಕ್ಷೆ ಮಾಡಿ ಮುಗಿಸಿದ್ದಾನೆ. ಆ ಮೂರು ಬಣ್ಣಗಳನ್ನೇ ಎತ್ಕೊಳ್ಳಿ. ಇಳಕಲ್ ಸೀರೆಯಾದ್ರೆ ಕಡುನೀಲಿ ಒಡಲು, ಮರೂನ್ ಅಂಚು, ಕೆಂಪು ಸೆರಗಿನಲ್ಲಿ ಬಿಳಿ ತೆನೆ. ನೀಲಿ, ಮರೂನ್, ಬಿಳಿ. ಅಲ್ಲಿಗೆ ಮುಗೀತಲ್ಲ? ಇನ್ಯಾರದ್ದೋ ಸೀರೆ ಬಾಟಲ್ ಗ್ರೀನು, ಸಾಸಿವೆ ಹಳದಿ, ಕಂದು ಇರಬಹುದು. ಅವರವರ ಸೀರೆ, ಅವರವರ ಪಟ್ಟಿ.

ಇನ್ನೊಂದು ದಾರಿ ಸಹಜ ಬಣ್ಣದ ಬಟ್ಟೆಗಳದ್ದು. ಹೆಗ್ಗೋಡಿನ ಹತ್ತಿರದ ಭೀಮನಕೋಣೆಯ 'ಚರಕ'ದ ಕುರ್ತಾಗಳನ್ನ ನೋಡಿದವರಿಗೆ ಇದು ಗೊತ್ತಿರತ್ತೆ. ಅಡಿಕೆ ಚೊಗರಿನ ಕೆಂಗಂದು, ನೀಲಿ ಬಣ್ಣ, ಮಣ್ಣಿನ ಬಣ್ಣಗಳು. ರಾಶಿಯಿಂದ ಕಣ್ಣುಮುಚ್ಚಿ ಎರಡು ಎತ್ತಿದ್ರೂ ಅವು ಜಗಳ ಆಡಲ್ಲ. ಗಿಡ, ತೊಗಟೆ, ಕಾಯಿಗಳಿಂದ ಬಂದ ಬಣ್ಣಗಳಲ್ಲಿ ಕಣ್ಣು ಕುಕ್ಕೋ ಚೂಪು ಇರಲ್ಲ, ಅದಕ್ಕೇ ಅವು ಒಂದರ ಪಕ್ಕ ಒಂದು ಕೂತ್ಕೊಳ್ತಾವೆ. ಒಗೆದಂತೆಲ್ಲ ಸ್ವಲ್ಪ ಮಾಸ್ತಾವೆ ನಿಜ, ಆದ್ರೆ ಎಲ್ಲ ಒಟ್ಟಿಗೆ ಮಾಸೋದ್ರಿಂದ ಸ್ನೇಹ ಕೆಡಲ್ಲ.

ಇನ್ನು ಪಟ್ಟಿ. ಇದು ನನ್ನ ಲೆಕ್ಕ. ಬೆಂಗಳೂರಿನ ಹವಾಮಾನಕ್ಕೆ, ಸಾಧಾರಣ ಆಫೀಸಿಗೆ, ಸೋಮವಾರದಿಂದ ಶುಕ್ರವಾರಕ್ಕೆ.

1. ಪ್ಯಾಂಟು 3. ಮೂರೂ ಪ್ಲೇನ್. ಒಂದು ಕಡುನೀಲಿ, ಒಂದು ಮರೂನ್, ಒಂದು ಗೋಧಿ ಬಣ್ಣ. ಬಿಳಿ ಬೇಡ. ಬಸ್ಸಿನ ಸೀಟು, ಮಗುವಿನ ಕೈ, ತಿಂಗಳ ಮೂರು ದಿನ, ಈ ಮೂರೂ ಬಿಳಿಯ ಶತ್ರುಗಳು.

2. ಟಾಪು 6. ಮೂರು ಪ್ರಿಂಟು, ಮೂರು ಪ್ಲೇನು. ಬಿಳಿ ಮೇಲೆ ನೀಲಿ ಅಚ್ಚಿನದ್ದೊಂದು, ಮರೂನ್ ಇರೋ ಕಲಂಕಾರಿಯೊಂದು, ತಿಳಿನೀಲಿ ಗೀಟಿನದ್ದೊಂದು. ಪ್ಲೇನಿನಲ್ಲಿ ಸಾಸಿವೆ ಹಳದಿ, ಬಾಟಲ್ ಗ್ರೀನು, ಕೆನೆ ಬಣ್ಣ. ನಿಯಮ ಒಂದೇ: ಯಾವ ಪ್ರಿಂಟು ತಗೊಂಡ್ರೂ ಅದರೊಳಗೆ ಮೂರು ಪ್ಯಾಂಟುಗಳ ಬಣ್ಣದಲ್ಲಿ ಒಂದಾದ್ರೂ ಎಳೆಯಷ್ಟಾದ್ರೂ ಇರಬೇಕು. ಆ ಎಳೆಯೇ ಕೊಂಡಿ.

3. ವೇಲು 2. ಒಂದು ಪ್ಲೇನು, ಒಂದು ಅಚ್ಚಿನದ್ದು. ಪ್ರಿಂಟ್ ಟಾಪಿಗೆ ಪ್ಲೇನು, ಪ್ಲೇನ್ ಟಾಪಿಗೆ ಅಚ್ಚಿನದ್ದು.

4. ಮೇಲಂಗಿ 1. ತೋಳಿಲ್ಲದ ಕಡುನೀಲಿ ಕಾಟನ್ ಜಾಕೆಟ್ಟು. ಎಸಿ ಚಳಿಗೂ ಆಗತ್ತೆ, ಮೀಟಿಂಗಿಗೂ ಆಗತ್ತೆ.

5. ಸೀರೆ 2, ಬ್ಲೌಸು 2. ಮೈಗೆ ಹಗುರವಾದ ಕಾಟನ್ ಸೀರೆ. ಬ್ಲೌಸಿನಲ್ಲಿ ಒಂದು ಕಪ್ಪು, ಒಂದು ಖಣದ್ದು. ಯಾವ ಬ್ಲೌಸು ಯಾವ ಸೀರೆಗಾದ್ರೂ ಸರಿ.

6. ಚಪ್ಪಲಿ 1, ಶೂ 1, ಚೀಲ 1. ಕಂದು ಬಣ್ಣದ್ದು.

ಈಗ ಲೆಕ್ಕ ಮಾಡಿ. ಆರು ಟಾಪು, ಮೂರು ಪ್ಯಾಂಟು, ಒಟ್ಟು ಹದಿನೆಂಟು ಜೊತೆ. ಅದರಲ್ಲಿ ನಾಲ್ಕು ನಿಮ್ಮ ಕಣ್ಣಿಗೆ ಹಿಡಿಸಲಿಲ್ಲ ಅಂತಲೇ ಇಟ್ಕೊಳ್ಳಿ, ಹದಿನಾಲ್ಕು ಉಳೀತು. ಎರಡು ಸೀರೆಗೆ ಎರಡು ಬ್ಲೌಸು, ನಾಲ್ಕು ತರ. ಹದಿನೆಂಟು ದಿನ. ತಿಂಗಳಲ್ಲಿ ಕೆಲಸದ ದಿನ ಇಪ್ಪತ್ತೆರಡರ ಆಸುಪಾಸು. ಅಂದ್ರೆ ಒಂಬತ್ತು ಬಿಡಿ ಬಟ್ಟೆ, ಎರಡು ಸೀರೆ ಇಟ್ಕೊಂಡು ಮೂರೂವರೆ ವಾರ ಒಂದು ದಿನದ ಹಾಗೆ ಇನ್ನೊಂದು ದಿನ ಕಾಣಿಸದೆ ತಳ್ಳಬಹುದು. ವೇಲು, ಜಾಕೆಟ್ಟಿನ ಲೆಕ್ಕ ಇನ್ನೂ ಹಿಡಿದೇ ಇಲ್ಲ. ಅದೇ ಒಂಬತ್ತು ಬಟ್ಟೆ ಸೆಟ್ಟಿನ ರೂಪದಲ್ಲಿ ಬಂದಿದ್ರೆ? ಟಾಪು, ಪ್ಯಾಂಟು, ವೇಲು ಮೂರು ಮೂರರಂತೆ, ಬರೀ ಮೂರು ದಿನ. ಗುರುವಾರ ಬೆಳಗ್ಗೆ ಮತ್ತೆ ಅದೇ ಪ್ರಶ್ನೆ.

ಇಷ್ಟು ಓದಿ ಸೀದಾ ಅಂಗಡಿಗೆ ಓಡಬೇಡಿ ಮತ್ತೆ. ಮೊದಲು ಮನೆಯಲ್ಲಿರೋ ಸೆಟ್ಟುಗಳನ್ನ ಒಡೀರಿ. ಪ್ಯಾಂಟೆಲ್ಲ ಒಂದು ರಾಶಿ, ಟಾಪೆಲ್ಲ ಒಂದು ರಾಶಿ, ವೇಲೆಲ್ಲ ಒಂದು ರಾಶಿ. ಇವತ್ತು, ಈ ಮೈಗೆ, ಉಸಿರು ಬಿಗಿ ಹಿಡಿಯದೆ ಆಗೋದು ಯಾವುದು ಅಂತ ಒಂದೊಂದೇ ಹಾಕಿ ನೋಡಿ. ವೇಲುಗಳಿಗೆ ಸೈಜಿಲ್ಲ, ಅವೆಲ್ಲ ಬದುಕಿಕೊಳ್ತಾವೆ. ಎಲಾಸ್ಟಿಕ್ ಇಲ್ಲವೇ ಲಾಡಿಯ ಪ್ಯಾಂಟುಗಳೂ ಬದುಕಿಕೊಳ್ತಾವೆ. ಸಾಮಾನ್ಯವಾಗಿ ಸಾಯೋದು ಟಾಪುಗಳು. ಅಂದ್ರೆ ಕೊಳ್ಳಬೇಕಾದ್ದು ಟಾಪು ಮಾತ್ರ. ಪಟ್ಟಿಯ ಅರ್ಧಕ್ಕರ್ಧ ಬಟ್ಟೆ ಹೀಗೆ ಮನೆಯಲ್ಲೇ ಸಿಕ್ಕರೆ ಆಶ್ಚರ್ಯ ಇಲ್ಲ. ಆಗದೇ ಇರೋದನ್ನ ಎಸೀಬೇಡಿ, ಒಂದು ಪೆಟ್ಟಿಗೆಗೆ ಹಾಕಿ ಅಟ್ಟದ ಮೇಲಿಡಿ. ಕಣ್ಣೆದುರು ಮಾತ್ರ ಬೇಡ. ಬೆಳಗ್ಗೆ ಬೆಳಗ್ಗೆ ಬೀರು ತೆಗೆದ ಕೂಡಲೇ ನಮ್ಮನ್ನ ಬೈಯೋ ಬಟ್ಟೆ ಯಾಕೆ ಬೇಕು? ಆರು ತಿಂಗಳು ಕಳೆದ ಮೇಲೂ ಕೆಳಗಿಳಿಸೋ ಮನಸ್ಸಾಗದಿದ್ರೆ ಯಾರಿಗಾದ್ರೂ ಕೊಡಿ.

ಅರಿಶಿನ ಕುಂಕುಮಕ್ಕೆ ಬಂದ ಕಣಗಳ ವಿಷಯಾನೂ ಹೇಳಿಬಿಡ್ತೀನಿ. ಪ್ರತಿ ಮನೆಯಲ್ಲೂ ಒಂದು ಕಟ್ಟು ಇರತ್ತೆ. ವರಮಹಾಲಕ್ಷ್ಮಿಗೆ ಬಂದಿದ್ದು ಗೌರಿ ಹಬ್ಬಕ್ಕೆ ಹೋಗತ್ತೆ, ನಾವು ಕೊಟ್ಟಿದ್ದೇ ಮೂರು ವರ್ಷ ಬಿಟ್ಟು ನಮಗೇ ವಾಪಸ್ ಬರೋದೂ ಉಂಟು :-) ಅದರಲ್ಲಿ ಒಳ್ಳೇ ಕಾಟನ್ ಇದ್ರೆ ಎರಡು ತೆಗೆದಿಟ್ಕೊಳ್ಳಿ, ಬ್ಲೌಸಿಗಾಗದಿದ್ರೆ ಲೈನಿಂಗಿಗೆ ಆಗತ್ತೆ.

ಇನ್ನು ಟೈಲರ್ ವಿಚಾರ. ರೆಡಿಮೇಡ್ ಸಿಗೋ ಕಾಲದಲ್ಲಿ ಹೊಲಿಸೋದು ಯಾಕೆ ಅಂತ ಕೇಳಬಹುದು. ಮಗು ಆದ ಮೇಲೆ ಮೈ ಒಂದೇ ಅಳತೆಯಲ್ಲಿ ನಿಲ್ಲಲ್ಲ. ಎದೆಗೆ ಒಂದು ಸೈಜು, ಭುಜಕ್ಕೆ ಇನ್ನೊಂದು, ಹೊಟ್ಟೆಗೆ ಮತ್ತೊಂದು. ರೆಡಿಮೇಡಿನಲ್ಲಿ ಈ ಮೂರೂ ಒಂದೇ ಅಕ್ಷರದೊಳಗೆ ಕೂರಬೇಕು, ಎಂ ಅಥವಾ ಎಲ್. ಟೈಲರ್ ಹತ್ತಿರ "ಮಾಸ್ಟ್ರೇ, ಎರಡೂ ಪಕ್ಕ ಒಳಗಡೆ ಒಂದೊಂದಿಂಚು ಬಟ್ಟೆ ಬಿಡಿ, ಆಮೇಲೆ ಬಿಚ್ಚಿ ಹಾಕಿಸ್ಕೋಬೇಕು" ಅಂತ ಹೇಳಬಹುದು. ಒಂದು ಹೊಲಿಗೆ ಬಿಚ್ಚಿದ್ರೆ ಆಗಿಹೋಯ್ತು. ರೆಡಿಮೇಡ್ ಟಾಪುಗಳಲ್ಲಿ ಒಳಗೆ ಬಿಡಿಸೋಕೆ ಬಟ್ಟೆಯೇ ಇರಲ್ಲ, ಬೇಕಾದ್ರೆ ಒಂದನ್ನ ಮಗುಚಿ ನೋಡಿ. ಮತ್ತೆ ಕಾಟನ್ ಬಟ್ಟೆಯಾದ್ರೆ ಹೊಲಿಸೋಕೆ ಮುಂಚೆ ನೀರಲ್ಲಿ ನೆನೆಸಿ ಒಣಗಿಸಿ ಕೊಡಿ, ಎಷ್ಟು ಕುಗ್ಗಬೇಕೋ ಅಷ್ಟು ಮೊದಲೇ ಕುಗ್ಗಲಿ. ಹಾಗೇ ಇನ್ನೊಂದು ಬೇಡಿಕೆ, ಜೇಬು. ಪ್ಯಾಂಟಿಗೂ ಟಾಪಿಗೂ ಜೇಬು ಇಡಿಸಿ. ಮೊಬೈಲು, ಮೆಟ್ರೋ ಕಾರ್ಡು, ಮನೆ ಕೀಲಿ ಇಟ್ಕೊಳ್ಳೋಕೆ ಗಂಡಸರಿಗೆ ನಾಲ್ಕು ಜೇಬು, ನಮಗೆ ಒಂದೂ ಇಲ್ಲ ಅಂದ್ರೆ ಯಾವ ನ್ಯಾಯ?

ಹಾಲು ಕುಡಿಸೋ ತಾಯಂದಿರಿಗೆ ಇನ್ನೂ ಕೆಲವು ಮಾತು. 2017ರ ತಿದ್ದುಪಡಿಯಲ್ಲಿ ಮೊದಲ ಎರಡು ಮಕ್ಕಳ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಐವತ್ತು ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಮಕ್ಕಳನ್ನ ನೋಡಿಕೊಳ್ಳೋ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗೂನ ನೋಡಿ ಬರಬಹುದು ಅಂತಲೂ ಸೇರಿತು. ಒಳ್ಳೇದೇ. ಆದ್ರೆ 26 ವಾರ ಅಂದ್ರೆ ಆರು ತಿಂಗಳ ಮಗು. ಹಾಲು ಬಿಟ್ಟಿರಲ್ಲ. ಮಧ್ಯಾಹ್ನದ ಮೀಟಿಂಗಿನಲ್ಲಿ ಎದೆ ಕಟ್ಟಿ ಹಾಲು ಸೋರಿ ಟಾಪು ಒದ್ದೆಯಾದಾಗ ಕಾನೂನು ಬಂದು ಒರೆಸಲ್ಲ. ಅದಕ್ಕೇ ಪ್ರಿಂಟು ಅಂದಿದ್ದು. ತಿಳಿ ಬಣ್ಣದ ಪ್ಲೇನ್ ಬಟ್ಟೆಯಲ್ಲಿ ಎದ್ದು ಕಾಣೋ ಒದ್ದೆ, ಗಾಢ ಬಣ್ಣದ ಅಚ್ಚಿನ ಬಟ್ಟೆಯಲ್ಲಿ ಅಷ್ಟಾಗಿ ಕಾಣಲ್ಲ. ಆರರಲ್ಲಿ ಎರಡು ಟಾಪಿಗಾದ್ರೂ ಮುಂದೆ ಬಟನ್ ಇರಲಿ. ಮೇಲೆ ಆ ತೋಳಿಲ್ಲದ ಜಾಕೆಟ್ಟೋ ವೇಲೋ ಇದ್ರೆ ಇನ್ನೂ ನಿಶ್ಚಿಂತೆ. ಒಂದು ಹೆಚ್ಚಿನ ಟಾಪು ಆಫೀಸಿನ ಡ್ರಾಯರಿನಲ್ಲಿ ಇಟ್ಟಿರಿ. ಯಾವ ಪ್ಯಾಂಟಿಗಾದ್ರೂ ಹೊಂದೋದನ್ನ ಅಲ್ಲಿಡಿ. ಹೊಂದಿಕೆಯ ಬೆಲೆ ಗೊತ್ತಾಗೋದು ಅಂಥ ಹೊತ್ತಿನಲ್ಲಿ.

ಹೇಗೆ ಹೋಗ್ತೀರಿ ಅನ್ನೋದರ ಮೇಲೂ ಬಟ್ಟೆ ನಿರ್ಧಾರ ಆಗಬೇಕು. ಸ್ಕೂಟರಿನವರು ಅಗಲದ ಪಲಾಜೋ ಬಿಡಿ, ನೇರ ಪ್ಯಾಂಟು ತಗೊಳ್ಳಿ. ವೇಲನ್ನ ಚೀಲದೊಳಗಿಟ್ಟು ಆಫೀಸಿಗೆ ಹೋದ ಮೇಲೆ ಹಾಕ್ಕೊಳ್ಳಿ. ಹಾರಾಡೋ ವೇಲು ಚಕ್ರಕ್ಕೆ ಸಿಕ್ಕಿದ್ರೆ ಕತ್ತಿಗೇ ಬರತ್ತೆ, ಇದರಲ್ಲಿ ತಮಾಷೆ ಇಲ್ಲ. ಬಸ್ಸು, ಮೆಟ್ರೋದವರಿಗೆ ಜಾರದ ಚಪ್ಪಲಿ ಮುಖ್ಯ. ಮಲೆನಾಡು, ಕರಾವಳಿಯವರಿಗೆ ನನ್ನ ಲೆಕ್ಕ ಹಾಗೇ ನಡೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ದಪ್ಪ ಕಾಟನ್ ಪ್ಯಾಂಟು ಒಣಗೋಕೆ ಎರಡು ಮೂರು ದಿನ. ಅಲ್ಲಿ ಟಾಪಿಗಿಂತ ಪ್ಯಾಂಟು ಒಂದೆರಡು ಜಾಸ್ತಿ ಬೇಕು, ಅದೂ ತೆಳು ಬಟ್ಟೆಯದ್ದು.

ಇಸ್ತ್ರಿಯನ್ನೂ ಮರೀಬೇಡಿ. ಗಂಜಿ ಹಾಕಿದ ಕಾಟನ್ ಸೀರೆ ನೋಡೋಕೆ ಚೆಂದ. ಆದ್ರೆ ಅದರ ಹಿಂದೆ ಭಾನುವಾರದ ಒಂದು ಗಂಟೆ ಕೂತಿದೆ. ಲಿನನ್ ಕೂಡ ಕೂತು ಎದ್ದರೆ ಮುದ್ದೆ. ಕೆಲಸ, ಮನೆ, ಮಗು ಮೂರನ್ನೂ ಹೊಸದಾಗಿ ಹೊಂದಿಸಿಕೊಳ್ತಿರೋ ಮೊದಲ ಮೂರು ತಿಂಗಳು, ಹಿಂಡದೆ ಕೊಡವಿ ಹ್ಯಾಂಗರಿಗೆ ಹಾಕಿ ಒಣಗಿಸಿದ್ರೆ ಹಾಕ್ಕೊಳ್ಳೋ ಹಾಗಿರೋ ಬಟ್ಟೆಗಳನ್ನೇ ನೆಚ್ಚಿಕೊಳ್ಳಿ. ಕಾಟನ್ ಮಿಶ್ರಣ, ಸುಕ್ಕು ಸುಕ್ಕಾಗಿಯೇ ನೇಯ್ದ ಕಾಟನ್ನು. ಅಂಗಡಿಯಲ್ಲಿ ಬಟ್ಟೆಯ ಒಂದು ಮೂಲೆಯನ್ನ ಮುಷ್ಟಿಯಲ್ಲಿ ಹಿಡಿದು ಹತ್ತು ಎಣಿಸಿ ಬಿಡಿ. ಸುಕ್ಕು ಉಳಿದ್ರೆ ಅದು ಇಸ್ತ್ರಿ ಕೇಳೋ ಬಟ್ಟೆ.

ದುಡ್ಡಿನ ಲೆಕ್ಕವನ್ನೂ ತಲೆಕೆಳಗಾಗಿ ನೋಡ್ಬೇಕು ಅಂತೀನಿ. ಬೆಲೆ ನೋಡ್ಬೇಡಿ, ಒಂದು ಸಲ ಹಾಕೋಕೆ ಎಷ್ಟಾಯ್ತು ನೋಡಿ. 1,500 ರೂಪಾಯಿಯ ಟಾಪು ವಾರಕ್ಕೊಂದು ಸಲದಂತೆ ವರ್ಷಕ್ಕೆ 50 ಸಲ ಹಾಕಿದ್ರೆ ಸಲಕ್ಕೆ 30 ರೂಪಾಯಿ. ಆಫರಿನಲ್ಲಿ 600ಕ್ಕೆ ಸಿಕ್ತು ಅಂತ ತಂದು ಮೂರು ಸಲ ಹಾಕಿ ಬಿಟ್ಟದ್ದು ಸಲಕ್ಕೆ 200. ಯಾವುದು ದುಬಾರಿ? ಆ ಮೂಲೆಯಲ್ಲಿರೋ 9,000ದ ರೇಷ್ಮೆ ಸೀರೆ ಲೆಕ್ಕ ಮಾತ್ರ ಹಾಕ್ಬೇಡಿ, ಎದೆ ಧಸಕ್ ಅನ್ನತ್ತೆ.

ಇಷ್ಟೆಲ್ಲ ಹೇಳಿದ ಮೇಲೆ ಎದುರು ಮಾತೂ ಕೇಳಿಸಿಕೊಳ್ಳಬೇಕಲ್ಲ.

"ದಿನಾ ಅದದೇ ಹಾಕ್ಕೊಂಡು ಹೋದ್ರೆ ನೋಡಿದವರು ಏನಂದ್ಕೋತಾರೆ?" ಇದು ಮೊದಲನೇದು. ಒಂದು ಪರೀಕ್ಷೆ ಮಾಡಿ. ನಿಮ್ಮ ಪಕ್ಕದ ಸೀಟಿನವರು ಹೋದ ಬುಧವಾರ ಏನು ಹಾಕಿದ್ರು ಹೇಳಿ ನೋಡೋಣ? ನೆನಪಿಲ್ಲ ಅಲ್ವಾ? ಅವರಿಗೂ ನಿಮ್ಮದು ನೆನಪಿರಲ್ಲ. ನೆನಪಿಟ್ಟುಕೊಂಡು ಕೇಳೋರು ಒಬ್ಬರು ಇದ್ದೇ ಇರ್ತಾರೆ, ಆ ಪುಣ್ಯಾತ್ಗಿತ್ತಿ ಹೊಸ ಬಟ್ಟೆ ಹಾಕಿದ್ರೂ ಏನಾದ್ರೂ ಅಂತಾರೆ.

ಎರಡನೇದು ಶಾಲೆ, ಕಾಲೇಜಿನ ಟೀಚರುಗಳದ್ದು. ಹಲವು ಕಡೆ ಸೀರೆಯೇ ಉಡಬೇಕು. "ನಿನ್ನ ಪಟ್ಟಿ ನಮಗಲ್ಲ ಬಿಡಮ್ಮ" ಅಂತ ನಮ್ಮ ಚಿಕ್ಕಮ್ಮ ಅಂದ್ರು. ನಿಜವಾಗಿ ನೋಡಿದ್ರೆ ಸೀರೆಯಷ್ಟು ಹೊಂದಿಕೊಳ್ಳೋ ಉಡುಪು ಇನ್ನೊಂದಿಲ್ಲ. ಐದೂವರೆ ಮೀಟರ್ ಬಟ್ಟೆ, ಸೈಜೇ ಇಲ್ಲ. ಹತ್ತು ಕೇಜಿ ಹೆಚ್ಚಾದ್ರೆ ನೆರಿಗೆ ಒಂದು ಕಮ್ಮಿ, ಅಷ್ಟೇ. ತೊಂದರೆ ಇರೋದು ಬ್ಲೌಸಿನಲ್ಲಿ. ಆರು ಸೀರೆಗೆ ಆರು ಬ್ಲೌಸು ಹೊಲಿಸೋ ಬದಲು, ಈಗಿನ ಅಳತೆಗೆ ಮೂರೇ ಹೊಲಿಸಿ: ಕಪ್ಪು, ಮರೂನ್, ಒಂದು ಖಣ. ಅಜ್ಜಿಯ ಲೆಕ್ಕವೇ ಅದು. ಆರು ಸೀರೆ, ಮೂರು ಬ್ಲೌಸು, ಮತ್ತೆ ಹದಿನೆಂಟು! ಚಿಕ್ಕಮ್ಮ ಆಮೇಲೆ ಏನೂ ಅನ್ನಲಿಲ್ಲ. ಒಪ್ಪಿದ್ರು ಅಂತ ನಾನು ಅಂದ್ಕೊಂಡಿದೀನಿ.

ಮೂರನೇದು ನಿಜಕ್ಕೂ ತೂಕದ ಮಾತು. "ಬಟ್ಟೆ ಬರೀ ಲೆಕ್ಕಾನಾ? ಹೊಸ ಸೆಟ್ಟಿನ ಗರಿಗರಿ, ಮ್ಯಾಚಿಂಗ್ ಬಳೆ, ಅದರ ಖುಷಿ?" ಅದನ್ನ ಬಿಡಿ ಅಂತ ಹೇಳೋಕೆ ನಾನ್ಯಾರು? ದಸರೆಗೆ, ದೀಪಾವಳಿಗೆ, ಮದುವೆಗೆ ಬೇಕಾದಷ್ಟು ಮ್ಯಾಚಿಂಗ್ ಮಾಡೋಣ. ನಾನು ಹೇಳ್ತಿರೋದು ಖುಷಿಯ ಬಟ್ಟೆ ಬೇರೆ, ದುಡಿಯೋ ಬಟ್ಟೆ ಬೇರೆ ಅಂತ. ಅಡುಗೆಮನೆಯಲ್ಲಿ ಹಬ್ಬದ ಬೆಳ್ಳಿ ತಟ್ಟೆ ಒಂದು ಕಡೆ ಇರತ್ತೆ, ದಿನಾ ಊಟದ ಸ್ಟೀಲ್ ತಟ್ಟೆ ಇನ್ನೊಂದು ಕಡೆ. ಬೀರಿನಲ್ಲಿ ಮಾತ್ರ ಯಾಕೆ ಎರಡನ್ನೂ ಬೆರೆಸಿ ದಿನಾ ಬೆಳಗ್ಗೆ ಹುಡುಕಾಡಬೇಕು?

ಇದರಲ್ಲಿ ಬಟ್ಟೆಗಿಂತ ದೊಡ್ಡದು ಒಂದಿದೆ. ಬಿಟ್ಟ ಕೆಲಸಕ್ಕೆ ವಾಪಸ್ ಹೋಗೋ ಹೆಂಗಸು ಮೊದಲ ದಿನವೇ ಹತ್ತು ಅನುಮಾನಗಳನ್ನ ಹೊತ್ಕೊಂಡು ಹೋಗಿರ್ತಾಳೆ. ಸಾಫ್ಟ್‌ವೇರ್ ಬದಲಾಗಿದೆ, ತನಗಿಂತ ಚಿಕ್ಕವರು ಮೇಲಧಿಕಾರಿಗಳಾಗಿದಾರೆ, ಮಗು ಅಳ್ತಿರಬಹುದು. ಅದರ ಮೇಲೆ ಬಿಗಿ ತೋಳು, ಜಾರೋ ವೇಲು, ಕಿತ್ತು ಬರೋ ಪಿನ್ನು ಬೇರೆ ಸೇರಿದ್ರೆ ಅವಳು ಯಾವುದನ್ನ ಅಂತ ನೋಡಿಕೊಳ್ಳಬೇಕು? ಮೈಮೇಲಿರೋ ಬಟ್ಟೆ ಮರೆತುಹೋಗೋ ಹಾಗಿರಬೇಕು, ಆಗ ಎದುರಿಗಿರೋ ಕೆಲಸ ನೆನಪಿರತ್ತೆ. ಐದು ಕೇಜಿ ಕಮ್ಮಿ ಇರೋ ಯಾವುದೋ ಮುಂದಿನ ವರ್ಷದ ಹೆಂಗಸಿಗಾಗಿ ಬೀರು ಕಾಯ್ತಾ ಕೂರೋದು ಬೇಡ. ಕೆಲಸಕ್ಕೆ ಹೋಗ್ತಿರೋಳು ಇವತ್ತಿನವಳು. ಇವತ್ತಿನ ಅಳತೆ ಕೊಟ್ಟು ಬನ್ನಿ.

ಅಂದ್ಹಾಗೆ ಆ ಅಕೌಂಟ್ಸ್ ಗೆಳತಿ ನಾಲ್ಕು ಟಾಪು ಹೊಲಿಸ್ಕೊಂಡು, ಹಳೇ ಸೆಟ್ಟುಗಳ ಪ್ಯಾಂಟು ವೇಲು ಸೇರಿಸ್ಕೊಂಡು ಹೋಗ್ತಿದಾಳೆ. ಐದು ಕೇಜಿ ಎಲ್ಲಿದೆಯೋ ಅಲ್ಲೇ ಇದೆ.

ನಿಮ್ಮ ಸೀರೆಯ ಮೂರು ಬಣ್ಣ ಯಾವುದು ಅಂತ ಹೇಳಿ, ನನಗೂ ಕುತೂಹಲ. ಮತ್ತೆ ಮೊದಲ ಸಂಬಳ ಬಂದ ದಿನ ಒಂದು ಏಳನೇ ಟಾಪು ತಗೊಳ್ಳಿ, ಕಣ್ಣಿಗೆ ಕುಣಿಯೋ ಬಣ್ಣದ್ದು. ಅದು ಪಟ್ಟಿಯಲ್ಲಿರೋ ಯಾವ ಪ್ಯಾಂಟಿಗೂ ಹೊಂದದಿದ್ರೂ ಪರವಾಗಿಲ್ಲ. ನಿಮ್ಮ ದುಡ್ಡು ತಾನೇ :-)